ಪೆನ್ಸಿಲ್ ಮೊದಲು, ಸ್ಪ್ಯಾನರ್ ಆಮೇಲೆ

ಆ ಫಿಯೆಟ್ 1100 ನಮ್ಮ ಗ್ಯಾರೇಜಿಗೆ ಬಂದದ್ದು ಲಾರಿಯ ಬೆನ್ನೇರಿ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ರೇಸ್ ಓಡಿದ ಕಾರದು. ಒಳಗೆ ಚಾಲಕನ ಸೀಟು ಒಂದೇ. ಹಿಂದೆ ಕಬ್ಬಿಣದ ಕೊಳವೆಗಳ ರೋಲ್ ಕೇಜ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಪಂಜರ), ಕಿಟಕಿಗಳಲ್ಲಿ ಗಾಜಿನ ಬದಲು ಅಕ್ರಿಲಿಕ್ ಹಾಳೆ, ಸೈಲೆನ್ಸರ್ ಇರಬೇಕಾದಲ್ಲಿ ಬರೀ ಕೊಳವೆ. ಹಾರ್ನ್, ವೈಪರ್, ಹ್ಯಾಂಡ್‌ಬ್ರೇಕ್ ಯಾವುದೂ ಇಲ್ಲ. ಮಾಲೀಕರ ಆಸೆ ಮಾತ್ರ ಸಣ್ಣದು: ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಹೋಗಿ ದೋಸೆ ತಿಂದು ಬರಬೇಕು.

ಕಾರಿಗೆ ಐವತ್ತು ವರ್ಷ ದಾಟಿದೆ, ವಿಂಟೇಜ್ ನಂಬರ್ ಮಾಡಿಸಿಬಿಡೋಣ ಎಂದರು ಅವರು. 2021ರ ನಿಯಮದಂತೆ ಅದಕ್ಕೆ 'ವಿಎ' ಅಕ್ಷರಗಳಿರುವ ಬೇರೆಯದೇ ಸಂಖ್ಯೆ ಸಿಗುತ್ತದೆ, ಹತ್ತು ವರ್ಷ ನಡೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಆ ಗಾಡಿಯನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕಷ್ಟೇ ರಸ್ತೆಗೆ ಇಳಿಸಬಹುದು. ದೋಸೆಯ ಮಾತು ನಿಯಮದಲ್ಲಿಲ್ಲ. "ನಂದಿಯ ದಾರಿಯಲ್ಲೂ ಪೆಟ್ರೋಲ್ ಬಂಕ್ ಇದೆಯಲ್ಲ" ಎಂದು ನಕ್ಕರು. ನಾನೂ ನಕ್ಕೆ, ಒಪ್ಪಲಿಲ್ಲ. ಹಳೆಯ ಆರ್‌ಸಿ ಪುಸ್ತಕ ಅವರ ಕೈಯಲ್ಲಿತ್ತು. ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದೆಂದು ತೀರ್ಮಾನವಾಯಿತು.

ಇಲ್ಲಿಯವರೆಗೆ ನಾನು ಜಾಣ. ಮುಂದೆ ಮಾಡಿದ್ದು ಪೆದ್ದುತನ. ಪುಸ್ತಕವನ್ನು ಮೇಜಿನ ಡ್ರಾಯರಿಗೆ ಹಾಕಿ ಸ್ಪ್ಯಾನರ್ ಹಿಡಿದೆ. ನಾಲ್ಕು ತಿಂಗಳು ಎಂಜಿನ್ ಬಿಚ್ಚಿ, ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್ ಹಾಕಿ, ಮೊದಲ ಸೆಲ್ಫ್ ಸ್ಟಾರ್ಟಿಗೇ ಗುರ್ರೆನ್ನುವಂತೆ ಮಾಡಿದೆ. ಅರ್ಜಿ ಹಾಕುವ ಹಿಂದಿನ ದಿನ ಪೆನ್ಸಿಲ್ ಪ್ರಿಂಟ್, ಅಂದರೆ ಲೋಹದ ಮೇಲಿನ ಸಂಖ್ಯೆಗಳ ಅಚ್ಚನ್ನು ಕಾಗದಕ್ಕೆ, ತೆಗೆಯಲು ಕುಳಿತೆ.

ಚಾಸಿಸ್ ಸಂಖ್ಯೆಯ ಮೇಲೆ ಮೂರು ಪದರ ಬಣ್ಣ. ಹುಡುಗ ಗ್ರೈಂಡರ್ ಎತ್ತಿಕೊಂಡು ಬಂದ, ಗದರಿ ಕಳುಹಿಸಿದೆ. ಒಂದು ಅಂಕಿ ಸವೆದರೂ ಸಂಖ್ಯೆ ತಿದ್ದಿದ್ದಾರೆಂಬ ಅನುಮಾನಕ್ಕೆ ಬಾಗಿಲು ತೆರೆದಂತೆ. ಪೇಂಟ್ ರಿಮೂವರ್ ಸವರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಓರೆಯಾಗಿ ಆಡಿಸಿದೆ. ಬೂದು ಬಣ್ಣದ ನಡುವೆ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದವು. ಪುಸ್ತಕಕ್ಕೆ ಸರಿಹೊಂದಿದವು. ಆಮೇಲೆ ಎಂಜಿನ್ ಸಂಖ್ಯೆ. ಅದು ಪುಸ್ತಕದಲ್ಲಿದ್ದ ಸಂಖ್ಯೆಯೇ ಅಲ್ಲ.

ರೇಸಿನವರು ಎಂಜಿನ್ ಬದಲಾಯಿಸುವುದು ನಾವು ಟಯರ್ ಬದಲಾಯಿಸಿದಂತೆ. ಇದು ನನಗೆ ಗೊತ್ತಿರಬೇಕಿತ್ತು. ಎಂಜಿನ್ ಬದಲಾದರೆ ನೋಂದಣಿ ಕಚೇರಿಗೆ ತಿಳಿಸಿ ಪುಸ್ತಕದಲ್ಲಿ ಬರೆಸಬೇಕು. ಯಾರೂ ಬರೆಸಿರಲಿಲ್ಲ. ಈ ಎಂಜಿನ್ ಎಲ್ಲಿಂದ ಬಂತೆಂಬುದಕ್ಕೆ ಒಂದು ಬಿಲ್ಲಿನ ತುಂಡೂ ಇರಲಿಲ್ಲ. ಮಾಲೀಕರಿಗೆ ಫೋನ್ ಮಾಡಲು ಎರಡು ದಿನ ಧೈರ್ಯ ಸಾಲಲಿಲ್ಲ.

ಅದೃಷ್ಟ ಅನ್ನಿ: ಕಾರು ಮಾರಿದವರ ಶೆಡ್ಡಿನಲ್ಲಿ ಪುಸ್ತಕದ ಸಂಖ್ಯೆಯಿದ್ದ ಮೂಲ ಎಂಜಿನ್ ಬ್ಲಾಕ್ ಬ್ಯಾಟರಿ ಚಾರ್ಜರಿಗೆ ಪೀಠವಾಗಿ ಕುಳಿತಿತ್ತು. ತಂದು ಮತ್ತೆ ಮೊದಲಿನಿಂದ ಕಟ್ಟಿದೆ. ಎರಡನೇ ಸಲದ ಕೂಲಿಯನ್ನು ನಾನು ಕೇಳಲಿಲ್ಲ, ಅವರೂ ಕೊಡುವ ಮಾತೆತ್ತಲಿಲ್ಲ.

ಉಳಿದದ್ದು ಬೆವರಿನ ಕೆಲಸ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡಿಗೆ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಕೇಜ್ ಕತ್ತರಿಸಿದೆವು. ಹಿಂದಿನ ಸೀಟು, ಸುರಕ್ಷತಾ ಗಾಜು, ಸೈಲೆನ್ಸರ್, ಹ್ಯಾಂಡ್‌ಬ್ರೇಕ್ ಎಲ್ಲವೂ ಮರಳಿದವು.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ನನ್ನ ಪ್ರಿಂಟ್ ನೋಡಿ ಪಕ್ಕಕ್ಕಿಟ್ಟರು. ಜೇಬಿನಿಂದ ತಮ್ಮದೇ ಪೆನ್ಸಿಲ್ ತೆಗೆದು ಬಾನೆಟ್ಟಿನೊಳಗೆ ಬಗ್ಗಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಆಮೇಲೆ ಹಾರ್ನ್ ಒತ್ತಿದರು, ಎರಡು ಸಲ.

ಈಗ ಗಾಡಿ ಯಾವ ಕೆಲಸಕ್ಕೆ ಬಂದರೂ ಮೊದಲ ದಿನವೇ ಪ್ರಿಂಟ್ ತೆಗೆದು ಆರ್‌ಸಿಯ ಪಕ್ಕದಲ್ಲಿಟ್ಟು ಫೋಟೊ ಹೊಡೆಯುತ್ತೇನೆ. ಕೇಜಿನ ಕೊಳವೆಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಮಾಲೀಕರು ಒಯ್ಯುವುದಿಲ್ಲ, ಗುಜರಿಗೆ ಹಾಕಲು ನನಗೂ ಮನಸ್ಸು ಬಂದಿಲ್ಲ.