ರೈತರು ಕಟ್ಟಿಸಿದ ಕಮಾನು

ಬಾರ್ಸಿಲೋನಾಕ್ಕೆ ಮಗಳ ಮನೆಗೆ ಹೋಗಿದ್ದಾಗ ಅವಳು ಎರಡು ದಿನಕ್ಕೆ ಎರಡು ಟಿಕೆಟ್ ತೆಗೆದಿಟ್ಟಿದ್ದಳು. ಮೊದಲ ದಿನ ಊರೊಳಗಿನ ಕಟ್ಟಡಗಳು. ಮಾರನೇ ದಿನ ಬಸ್ಸಿನಲ್ಲಿ ದ್ರಾಕ್ಷಿ ಸೀಮೆ. "ಅಮ್ಮಾ, ನಿನಗೆ ಎರಡನೇದೇ ಜಾಸ್ತಿ ಇಷ್ಟ ಆಗತ್ತೆ ನೋಡು" ಅಂದಿದ್ದಳು. ನಾನು ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳು. ಅವಳು ಹೇಳಿದ್ದು ನಿಜವಾಯಿತು. ಆದರೆ ಮೊದಲ ದಿನ ನೋಡಿದ್ದು ಇಲ್ಲದಿದ್ದರೆ ಎರಡನೇ ದಿನದ್ದು ನನಗೆ ಅರ್ಧವೇ ಅರ್ಥವಾಗುತ್ತಿತ್ತು.

ಗೌಡಿ ಅನ್ನುವ ಹೆಸರಾಂತ ವಾಸ್ತುಶಿಲ್ಪಿ ಕಟ್ಟಿದ ಮನೆಗಳಲ್ಲಿ ಲಾ ಪೆಡ್ರೆರಾ ಅನ್ನುವುದೊಂದು ಇದೆ. 1906ರಲ್ಲಿ ಶುರುವಾಗಿ 1912ರಲ್ಲಿ ಮುಗಿದದ್ದು. ಹೊರಗಿನಿಂದ ಕಲ್ಲಿನ ಅಲೆಯ ಹಾಗೆ ಕಾಣುತ್ತದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನನ್ನು ನಿಲ್ಲಿಸಿದ್ದು ಅದರ ಅಟ್ಟ. ಒಂದು ಕಾಲಕ್ಕೆ ಅಲ್ಲಿ ಬಾಡಿಗೆಯವರು ಬಟ್ಟೆ ಒಗೆದು ಒಣಗಿಸುತ್ತಿದ್ದರಂತೆ. ಅಲ್ಲಿ ತೆಳು ಇಟ್ಟಿಗೆಯ 270 ಕಮಾನುಗಳಿವೆ. ಒಂದರ ಹಿಂದೆ ಒಂದು, ಒಂದು ಎತ್ತರ, ಒಂದು ಗಿಡ್ಡ. ದೊಡ್ಡ ಪ್ರಾಣಿಯೊಂದರ ಪಕ್ಕೆಲುಬಿನ ಒಳಗೆ ನಡೆದ ಹಾಗಿರುತ್ತದೆ. ಮೂಲೆಯಲ್ಲಿ ಸಣ್ಣ ಸರಪಳಿಗಳನ್ನು ತೂಗುಬಿಟ್ಟ ಮಾದರಿ ಇಟ್ಟಿದ್ದಾರೆ, ಕೆಳಗೆ ಕನ್ನಡಿ. ಎರಡೂ ತುದಿ ಹಿಡಿದು ಬಿಟ್ಟ ಸರಪಳಿ ತನ್ನ ಭಾರಕ್ಕೆ ತಾನೇ ಬಾಗುತ್ತದಲ್ಲ, ಆ ಬಾಗನ್ನು ಬೋರಲು ಮಾಡಿದರೆ ಅದೇ ಕಮಾನು. ಸರಪಳಿಯಲ್ಲಿ ಬರೀ ಎಳೆತ, ಕಮಾನಿನಲ್ಲಿ ಬರೀ ಒತ್ತಡ. ಒತ್ತಡ ತಡೆಯುವುದು ಇಟ್ಟಿಗೆಗೆ ಚೆನ್ನಾಗಿ ಗೊತ್ತು. ಹಾಗಾಗಿ ಕಬ್ಬಿಣದ ತೊಲೆ ಬೇಡ, ದಪ್ಪ ಗೋಡೆ ಬೇಡ. ಕನ್ನಡಿಯಲ್ಲಿ ಆ ಸರಪಳಿಗಳು ಎದ್ದು ನಿಂತಿದ್ದನ್ನು ನಾನು ಬಹಳ ಹೊತ್ತು ನೋಡುತ್ತಾ ನಿಂತೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಸ್ ಹೊರಟಿತು. ಸೆಪ್ಟೆಂಬರ್ ತಿಂಗಳು, ಅಲ್ಲಿ ಕೊಯ್ಲಿನ ಕಾಲ. ಬೇರೆ ಬೇರೆ ದೇಶದವರು ಇದ್ದರು, ಕನ್ನಡದವರು ನಾವಿಬ್ಬರೇ. ಹೆದ್ದಾರಿಯಲ್ಲಿ ಬಸ್ಸಿನ ಎಸಿ ಕೆಟ್ಟು ಒಂದು ಗಂಟೆ ನಿಂತಿತು. ಅದರಿಂದ ಗಂದೇಸಾ ಊರಿನ ವೈನ್ ಮಾಡುವ ಕಟ್ಟಡವನ್ನು ಒಳಗೆ ಹೋಗಿ ನೋಡುವುದು ತಪ್ಪಿಹೋಯಿತು. ಇವತ್ತಿಗೂ ಅದು ನನಗೆ ಬೇಜಾರೇ.

ನಿಂತ ಆ ಒಂದು ಗಂಟೆಯಲ್ಲಿ ನಮ್ಮ ಗೈಡ್ ಹುಡುಗಿ ಒಂದು ಹುಳದ ಕಥೆ ಹೇಳಿದಳು. ಅವಳದೂ ದ್ರಾಕ್ಷಿ ಬೆಳೆಯುವ ಮನೆ. ಫಿಲಾಕ್ಸೆರಾ ಅಂತ ಹುಳ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು, ಬೇರಿಗೆ ಅಂಟಿ ಬಳ್ಳಿಯನ್ನೇ ಒಣಗಿಸುತ್ತದೆ. ಅಮೆರಿಕದಿಂದ ಬಂದು 1860ರ ದಶಕದಲ್ಲಿ ಫ್ರಾನ್ಸಿನ ತೋಟಗಳನ್ನು ಹಾಳು ಮಾಡಲು ಶುರು ಮಾಡಿತು. ಅಲ್ಲಿ ವೈನ್ ಸಾಲದೆ ಬಂದಾಗ ಬಾರ್ಸಿಲೋನಾ ಸುತ್ತಲ ಸೀಮೆಯ, ಅಂದರೆ ಕತಲಾನ್ ನಾಡಿನ ರೈತರಿಗೆ ಒಳ್ಳೆ ಬೆಲೆ ಸಿಕ್ಕಿತು. ಇದ್ದಬದ್ದ ಗುಡ್ಡಕ್ಕೆಲ್ಲ ದ್ರಾಕ್ಷಿ ಹಚ್ಚಿದರು. 1879ರಲ್ಲಿ ಹುಳ ಇವರ ನಾಡಿಗೂ ಬಂತು. ಬಳ್ಳಿ ಹೋಯಿತು, ಕೈಯಲ್ಲಿದ್ದ ದುಡ್ಡೂ ಹೋಯಿತು. ಎಲ್ಲವನ್ನೂ ಕಿತ್ತು ಹೊಸದಾಗಿ ನೆಡಬೇಕಾಯಿತು. ಒಬ್ಬೊಬ್ಬರೇ ಬದುಕುವುದು ಆಗದ ಮಾತು ಅಂತ ಗೊತ್ತಾಗಿ ಊರೂರಲ್ಲಿ ರೈತರು ಸಹಕಾರಿ ಸಂಘ ಕಟ್ಟಿಕೊಂಡರು. ಸಂಘಕ್ಕೆ ಒಂದು ಕಟ್ಟಡ ಬೇಕಿತ್ತು. ಅದನ್ನು ಕಟ್ಟಿಕೊಟ್ಟವನು ಸೆಜಾರ್ ಮಾರ್ಟಿನೆಲ್, ಗೌಡಿಯ ಶಿಷ್ಯ.

ಎಬ್ರೊ ನದಿ ದಾಟಿದ ಮೇಲೆ ಒಂದು ತೋಟದ ಹತ್ತಿರ ಇಳಿಸಿದರು. ಚಪ್ಪರ ಇಲ್ಲ, ತಂತಿ ಇಲ್ಲ, ಕಂಬ ಇಲ್ಲ! ಮೊಣಕಾಲೆತ್ತರದ ದಪ್ಪ ಬುಡ, ಮೇಲೆ ನಾಲ್ಕೈದು ತೋಳು. ಹಳೇ ಬಳ್ಳಿಗಳು ಒಂಟಿ ಒಂಟಿಯಾಗಿ ತಮ್ಮ ಕಾಲ ಮೇಲೆ ತಾವೇ ನಿಂತಿದ್ದವು. ನಾನು ಚಪ್ಪರದ ನೆರಳಲ್ಲಿ ಆಡಿ ಬೆಳೆದವಳು. ಬಿಸಿಲಿಗೆ ಹೀಗೆ ಬಿಟ್ಟ ದ್ರಾಕ್ಷಿ ನೋಡಿ ಜೀವ ಚುರ್ ಅಂತು. ಬಿಳಿ ಗಾರ್ನಾಚಾ ಅನ್ನುವ ತಳಿ. ಎಲೆ ಸರಿಸಿದರೆ ಒಳಗೆ ಗೊಂಚಲು ಬಿಗಿಯಾಗಿತ್ತು, ಬಿಸಿಲು ತಾಗಿದ ಕಡೆ ಹಣ್ಣಿಗೆ ಜೇನಿನ ಬಣ್ಣ. ಒಂದು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ದಪ್ಪ, ಬೀಜ ಗಟ್ಟಿ, ಸಿಹಿ ಮಾತ್ರ ನಾಲಿಗೆಗೆ ಅಂಟುವಷ್ಟು. ಒಂದು ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ.

ಅಲ್ಲಿಂದ ಪಿನೆಲ್ ದೆ ಬ್ರಾಯ್ ಅನ್ನುವ ಸಣ್ಣ ಊರು. ಅಲ್ಲಿನ ವೈನ್ ಕಟ್ಟಡವನ್ನು ಮಾರ್ಟಿನೆಲ್ ಕಟ್ಟಿದ್ದು 1918ರ ನಂತರದ ವರ್ಷಗಳಲ್ಲಿ. ಮುಂದಿನ ಗೋಡೆಗೆ ಉದ್ದಕ್ಕೂ ಬಣ್ಣದ ಹೆಂಚಿನ ಚಿತ್ರಪಟ್ಟಿ, ಶಾವಿಯೆರ್ ನೊಗೆಸ್ ಅನ್ನುವ ಕಲಾವಿದ ಬರೆದದ್ದು. ದ್ರಾಕ್ಷಿ ಕೊಯ್ಯುವವರು, ರಸ ತೆಗೆಯುವವರು, ಕುಡಿದು ಸಂತೋಷವಾಗಿರುವವರು. ಖರ್ಚು ಜಾಸ್ತಿ ಅಂತ ಆ ಹೆಂಚುಗಳನ್ನು ಗೋಡೆಗೆ ಹಚ್ಚದೆ ಹಾಗೇ ಎತ್ತಿಟ್ಟಿದ್ದರಂತೆ. ಅವು ಗೋಡೆ ಏರಿದ್ದು 1949ರಲ್ಲಿ. ನಡುವೆ 1938ರಲ್ಲಿ ಇದೇ ಸೀಮೆಯಲ್ಲಿ ಸ್ಪೇನಿನ ಅಂತರ್ಯುದ್ಧದ ಎಬ್ರೊ ಯುದ್ಧ ನಡೆದು ಹೋಗಿತ್ತು. ಬರುವ ದಾರಿಯಲ್ಲೇ ಆ ಯುದ್ಧದಲ್ಲಿ ಹಾಳಾದ ಹಳೇ ಕೊರ್ಬೆರಾ ಊರನ್ನು ಕಂಡಿದ್ದೆವು. ಇಷ್ಟೆಲ್ಲ ಆಗಿಯೂ ಈ ಹೆಂಚುಗಳು ಉಳಿದವಲ್ಲ ಅಂತ ಕೈ ಮುಗಿಯಬೇಕು ಅನ್ನಿಸಿತು.

ಒಳಗೆ ಕಾಲಿಟ್ಟೆ. ತಂಪು. ಹುದುಗುವ ರಸದ ಹುಳಿವಾಸನೆ. ತಲೆ ಎತ್ತಿದರೆ ನಿನ್ನೆಯ ಸರಪಳಿ!

ಅದೇ ಕಮಾನು. ಇಲ್ಲಿ ಮಾತ್ರ ಎತ್ತರ, ಗುಡಿಯಷ್ಟು ಎತ್ತರ. ಕೆಳಗೆ ದೊಡ್ಡ ತೊಟ್ಟಿಗಳು. ಒಂದು ಕಂಬಕ್ಕೆ ಅಂಗೈ ಇಟ್ಟು ನೋಡಿದೆ. ಮಾಮೂಲಿ ಇಟ್ಟಿಗೆ, ನಮ್ಮೂರ ಗೌಂಡಿ ನೋಡಿದರೂ ಗುರುತು ಹಿಡಿಯುವಂಥದ್ದು. ಮೊದಲ ಮಹಾಯುದ್ಧದ ನಂತರ ಕಬ್ಬಿಣ ತುಟ್ಟಿಯಾಗಿತ್ತು, ಇಟ್ಟಿಗೆ ಅಗ್ಗ. ಅದಕ್ಕೇ ಮಾರ್ಟಿನೆಲ್ ಗುರುವಿನ ಕಮಾನನ್ನು ರೈತರ ಮನೆಗೆ ತಂದ. ರಸ ಹುದುಗುವಾಗ ಭಾರವಾದ ಗ್ಯಾಸ್ ಹೊರಟು ನೆಲದ ಹತ್ತಿರ ನಿಲ್ಲುತ್ತದೆ, ಕೆಲಸ ಮಾಡುವವರ ಉಸಿರು ಕಟ್ಟಿಸುತ್ತದೆ. ಅದಕ್ಕಾಗಿ ಗಾಳಿ ಆಡುವ ಹಾಗೆ ಕಿಟಕಿ ಇಟ್ಟ. ಇಂಥ ಕಟ್ಟಡಗಳಿಗೆ ಆಂಜೆಲ್ ಗಿಮೆರಾ ಅನ್ನುವ ಕತಲಾನ್ ಕವಿ 'ವೈನ್ ಕೆಥೆಡ್ರಲ್' ಅಂತ ಹೆಸರು ಕೊಟ್ಟನಂತೆ.

ನಮ್ಮಪ್ಪ ನೆನಪಾದರು. ಒಣದ್ರಾಕ್ಷಿ ಲಾರಿಗೆ ಹೇರಿಕೊಂಡು ಮಹಾರಾಷ್ಟ್ರದ ತಾಸಗಾಂವ್ ಪೇಟೆಗೆ ಹೋಗುತ್ತಿದ್ದರು. ರೇಟು ಹೇಳುವವರು ಅಲ್ಲಿಯವರು, ತಲೆ ಆಡಿಸುವವರು ನಾವು. ನಮ್ಮ ಶೆಡ್ಡು ತಗಡಿನದು. ಬಿಸಿಲು, ದೂಳು, ಮೋಡ ಕವಿದರೆ ಓಡಾಟ. ರೈತ ಬೆಳೆ ತಂದು ಸುರಿಯುವ ಜಾಗ ಹೀಗೂ ಚಂದ ಇರಬಹುದು ಅಂತ ನಮಗೆ ಯಾರೂ ತೋರಿಸಿರಲಿಲ್ಲ. ಇಲ್ಲಿ ಎಲ್ಲಾ ಕಳಕೊಂಡ ರೈತರು ಸಾಲ ಸೋಲ ಮಾಡಿ ತಮ್ಮ ಕೆಲಸಕ್ಕೆ ಇಂಥ ಮನೆ ಕಟ್ಟಿಸಿಕೊಂಡರು. ನನ್ನ ಕಣ್ಣು ತುಂಬಿತು. ಮಗಳು ಏನೂ ಕೇಳದೆ ನನ್ನ ಭುಜ ಹಿಡಿದು ನಿಂತಳು.

ಹೊರಗೆ ಬಂದಾಗ ತಮ್ಮನ ಫೋನ್. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಆಳು ಹುಡುಕುತ್ತಿದ್ದನಂತೆ, ನಡುವೆ ಫೋಟೋ ನೋಡಿದ್ದಾನೆ.

"ಅಕ್ಕಾ, ಚಪ್ಪರ ಇಲ್ಲದ ಹೆಂಗ ನಿಂತಾವ ಇವು? ಬೇರು ಯಾವ್ದು ಕೇಳು ಅವರ್ನ."

ಗೈಡ್ ಹುಡುಗಿಯನ್ನು ಕೇಳಿದೆ. ಆ ಹುಳ ಬಂದ ಮೇಲೆ ಎಲ್ಲವೂ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿದ್ದೇ ಅಂದಳು. ಆ ಬೇರಿಗೆ ಹುಳ ಏನೂ ಮಾಡಲಾರದು. ತಮ್ಮನಿಗೆ ಹೇಳಿದೆ.

"ನಮ್ಮ ಬೇರೂ ಅಲ್ಲಿಂದೇ ಬಂದದ್ದಲ್ಲ! ಡಾಗ್‌ರಿಜ್ ಅಂತ ಹೇಳು ಆಕಿಗೆ."

ಹೇಳಿದೆ. ನಿಮ್ಮಲ್ಲಿ ಯಾವ ಹುಳಕ್ಕೆ ಅಂತ ಕೇಳಿದಳು. ಹುಳಕ್ಕಲ್ಲ, ಉಪ್ಪು ನೀರಿಗೆ, ಬರಕ್ಕೆ ಅಂದೆ. ಅವಳು ಬ್ಯಾಗಿನಿಂದ ಚೀಟಿ ತೆಗೆದು ಆ ಹೆಸರು ಬರೆದುಕೊಂಡಳು. ಅಪ್ಪನಿಗೆ ತೋರಿಸಬೇಕು ಅಂದಳು.