ಮಿನುಗು ಪುಡಿಯ ಹಿಂದಿನ ಗಿಟಾರ್

ರಾತ್ರಿ ಊಟ ಆದ ಮೇಲೆ ಸುಮ್ನೆ ಗಿಟಾರ್ ಎತ್ತಿಕೊಂಡು 'ಗೆಟ್ ಇಟ್ ಆನ್' ನುಡಿಸಲು ಕೂತೆ. ಬ್ರಿಟಿಷ್ ರಾಕ್ ತಂಡ ಟಿ. ರೆಕ್ಸ್‌ನ ಗಾಯಕ, ಗಿಟಾರಿಸ್ಟ್ ಮಾರ್ಕ್ ಬೋಲನ್ ಹಾಡು, 1971ರದ್ದು. ಮೂರ್ನಾಲ್ಕು ಕಾರ್ಡ್ ತಾನೇ, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂದು ಗಂಟೆ ಹೋಯಿತು. ಸ್ವರಗಳೆಲ್ಲ ಸರಿ ಇವೆ, ಆ ತೂಗಾಟ ಮಾತ್ರ ಬರಲೇ ಇಲ್ಲ. ನಾನು ನುಡಿಸಿದರೆ ಲೆಫ್ಟ್-ರೈಟ್ ಕವಾಯತು. ಅವನು ನುಡಿಸಿದರೆ ಸೊಂಟ ತಾನಾಗಿ ಅಲ್ಲಾಡುತ್ತದೆ.

ಆ ಓಟದ ಬೇರು ಅಮೆರಿಕದ ಹಳೆಯ ರಾಕ್ ಎನ್ ರೋಲ್ ಗಿಟಾರಿಸ್ಟ್ ಚಕ್ ಬೆರ್ರಿಯದು. ಬೋಲನ್ ಅದನ್ನು ಮುಚ್ಚಿಡಲೂ ಇಲ್ಲ, ಕೊನೆಗೆ ಹಾಡು ಕರಗುವಾಗ ಬೆರ್ರಿಯ ಹಾಡಿನದೇ ಒಂದು ಸಾಲನ್ನು ಗುನುಗುತ್ತಾನೆ. ಆದರೆ ವೇಗ ಇಳಿಸಿದ್ದಾನೆ, ನಡುವೆ ಜಾಗ ಬಿಟ್ಟಿದ್ದಾನೆ. ಕಷ್ಟ ಇರುವುದೇ ಆ ಖಾಲಿ ಜಾಗದಲ್ಲಿ.

ಜನಕ್ಕೆ ನೆನಪಿರುವುದು ಗುಂಗುರು ಕೂದಲು, ಕಣ್ಣ ಕೆಳಗಿನ ಮಿನುಗು ಪುಡಿ, ಸ್ಯಾಟಿನ್ ಬಟ್ಟೆ. ಚಂದದ ಹುಡುಗ ಗಿಟಾರನ್ನೂ ಚೆನ್ನಾಗಿ ನುಡಿಸುತ್ತಾನೆ ಅಂದರೆ ಯಾಕೋ ಯಾರೂ ನಂಬಲ್ಲ, ಅಲ್ವಾ?

ಬ್ರಿಟಿಷ್ ಗಾಯಕ ಡೇವಿಡ್ ಬೋವಿಯ 1970ರ 'ದಿ ಪ್ರೆಟಿಯೆಸ್ಟ್ ಸ್ಟಾರ್' ಸಿಂಗಲ್‌ನಲ್ಲಿ ಲೀಡ್ ಗಿಟಾರ್ ಬೋಲನ್‌ನದೇ. 1973ರಲ್ಲಿ ಬೋವಿ ಅದನ್ನು ಮತ್ತೆ ರೆಕಾರ್ಡ್ ಮಾಡಿದಾಗ ಅವನ ತಂಡದ ಹೆಸರಾಂತ ಗಿಟಾರಿಸ್ಟ್ ಮಿಕ್ ರಾನ್ಸನ್ ಹೆಚ್ಚುಕಡಿಮೆ ಅದೇ ಸ್ವರಗಳನ್ನು ನುಡಿಸಿದ. ರಾನ್ಸನ್ ಅಂಥವನೇ ಬದಲಾಯಿಸಲು ಹೋಗಲಿಲ್ಲ ನೋಡಿ.

1977ರಲ್ಲಿ ಲಂಡನ್ನಿನ ಬಾರ್ನ್ಸ್ ಬಳಿ ಕಾರು ಅಪಘಾತದಲ್ಲಿ ಬೋಲನ್ ಹೋದಾಗ ವಯಸ್ಸು 29. ಮೂವತ್ತಕ್ಕೆ ಎರಡು ವಾರ ಬಾಕಿ.

ಬೆರಳ ತುದಿ ಉರಿಯುತ್ತಿದೆ. ಗೋಡೆಯಾಚೆಯ ಮನೆಯವರು ಮಲಗಿರಬೇಕು. ಇನ್ನೊಂದು ಸಲ, ಮೆಲ್ಲಗೆ.