ನರ್ಸರಿಯಿಂದ ತಂದ ಅಂಜೂರ ಯಾವ ತಳಿ?

ಅಂಜೂರದ ಗಿಡ ಕೊಂಡಾಗ ಚೀಟಿಯಲ್ಲಿ ಪೂನಾ, ದಿನಕರ್, ಬಳ್ಳಾರಿ, ಡಯಾನಾ, ಕೊನಾಡ್ರಿಯಾ, ಬ್ರೌನ್ ಟರ್ಕಿ ಎಂದು ಏನಾದರೊಂದು ಬರೆದಿರುತ್ತದೆ. ಅದನ್ನು ನಂಬಿ ನೆಡಬಹುದು, ಆದರೆ ತಳಿ ಗೊತ್ತಾಯಿತು ಎಂದುಕೊಳ್ಳಬಾರದು. ಚೀಟಿ ಅದಲುಬದಲಾಗುವುದು ಹೆಚ್ಚಾಗಿ ಕಡ್ಡಿ ಕತ್ತರಿಸುವ ಹೊತ್ತಿನಲ್ಲಿ. ಎಲೆಯಿಲ್ಲದ ಕಡ್ಡಿಗಳನ್ನು ಕಟ್ಟು ಕಟ್ಟಿಟ್ಟರೆ ಯಾವುದು ಯಾವ ತಳಿಯದು ಎಂದು ಅನುಭವಿಗಳಿಗೂ ತಿಳಿಯುವುದಿಲ್ಲ. ಕೆಲವು ಹೆಸರುಗಳೇ ಗೊಂದಲದವು. ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಟರ್ಕಿ ಎನ್ನುವ ಗಿಡ ಬೇರೆ, ಇಂಗ್ಲೆಂಡಿನಲ್ಲಿ ಅದೇ ಹೆಸರಿನ ಗಿಡ ಬೇರೆ.

ಕೊಳ್ಳುವಾಗ ಮೊದಲು ಬುಡ ನೋಡಿ. ಕಡ್ಡಿಯಿಂದ ಮಾಡಿದ ಗಿಡದಲ್ಲಿ ಬೆರಳು ದಪ್ಪದ ಹಳೆಯ ತುಂಡು ಕಾಣುತ್ತದೆ, ಚಿಗುರು ಅದರ ಪಕ್ಕದಿಂದ ಎದ್ದಿರುತ್ತದೆ. ಬೀಜದ ಗಿಡವಾದರೆ ಬುಡದಿಂದಲೇ ತೆಳ್ಳಗೆ, ನೇರವಾಗಿ ಬಂದಿರುತ್ತದೆ. ಬೀಜದಿಂದ ತಾಯಿಯ ಗುಣ ಬರುವುದಿಲ್ಲವಾದ್ದರಿಂದ ಅಂಥ ಗಿಡಕ್ಕೆ ತಳಿಯ ಹೆಸರು ಹಾಕುವುದೇ ತಪ್ಪು. ಅತ್ತಿಯ ಬೇರಿನ ಮೇಲೆ ಕಸಿ ಮಾಡಿದ್ದರೆ ಕಸಿ ಗಂಟಿನ ಕೆಳಗೆ ಬರುವ ಚಿಗುರಿನ ಮೇಲೆ ಕಣ್ಣಿಡಿ. ಸೀಳಿಲ್ಲದ, ಅಂಚು ಸಮವಾದ ಎಲೆ ಬಂದರೆ ಅದು ಅತ್ತಿ. ಮಳೆಗಾಲದಲ್ಲಿ ಅದು ಮೇಲಿನ ಅಂಜೂರವನ್ನೇ ಮುಚ್ಚಿಬಿಡಬಹುದು, ಕಂಡ ಕೂಡಲೇ ಬುಡಸಮೇತ ತೆಗೆಯಿರಿ.

ಎಲೆ ನೋಡಿ ತಳಿ ಹೇಳುವವರು ಬಹಳ. ನನ್ನ ಮಟ್ಟಿಗೆ ಎಲೆಯಿಂದ 'ಇದು ಅದಲ್ಲ' ಎನ್ನಬಹುದು, 'ಇದು ಅದೇ' ಎನ್ನಲಾಗದು. ಒಂದೇ ಗಿಡದಲ್ಲಿ ಸೀಳಿಲ್ಲದ ಎಲೆ, ಮೂರು ಸೀಳಿನದು, ಐದು ಸೀಳಿನದು ಮೂರೂ ಇರುತ್ತವೆ. ಎಳೆಯ ಗಿಡದ, ಅಂಗಾಂಶ ಕೃಷಿಯ ಗಿಡದ ಮೊದಲ ಎಲೆಗಳಂತೂ ದಾರಿ ತಪ್ಪಿಸುತ್ತವೆ. ಬಿಸಿಲಿಗೆ ಬೆಳೆದ ರೆಂಬೆಯ ನಡುಭಾಗದಿಂದ ಐದಾರು ಬಲಿತ ಎಲೆ ಕಿತ್ತು ಸೀಳುಗಳ ಸಂಖ್ಯೆ, ಸೀಳಿನ ಆಳ, ಬುಡದ ಆಕಾರ, ತೊಟ್ಟಿನ ಉದ್ದ ಬರೆದಿಡಿ. ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ. ಹಳದಿ ಮಚ್ಚೆಯಿದ್ದು ತಿರುಚಿಕೊಂಡ ಎಲೆ ಮೊಸಾಯಿಕ್ ಎಂಬ ನಂಜು (ವೈರಸ್) ರೋಗದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ಕೆಲಸ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಮಳೆಯಲ್ಲಿ ತುಕ್ಕು ರೋಗ ಬಂದು ಎಲೆಯಡಿ ಕಂದು ಪುಡಿ ಕೂತರೆ ಎಲೆ ಉದುರಿ ಬರೀ ಕೋಲು ಉಳಿಯುತ್ತದೆ.

ತೀರ್ಮಾನ ಹಣ್ಣಿನಿಂದಲೇ ಆಗಬೇಕು, ಅದೂ ಬೇಸಿಗೆಯ ಹಣ್ಣಿನಿಂದ. ಮಳೆಗಾಲದ ಹಣ್ಣಿನಲ್ಲಿ ನೀರು ಜಾಸ್ತಿ. ಅದು ಬಿರಿಯುತ್ತದೆ, ಕಣ್ಣಿನಿಂದ, ಅಂದರೆ ಹಣ್ಣಿನ ತುದಿಯ ಸಣ್ಣ ತೂತಿನಿಂದ, ನೀರಿಳಿದು ಹುಳಿಯುತ್ತದೆ. ಬಿಸಿಲಿಲ್ಲದೆ ನೇರಳೆ ಬಣ್ಣವೂ ಏರುವುದಿಲ್ಲ. ಪುಣೆಯ ಕಡೆಯ ಬೆಳೆಗಾರರೂ ಮಳೆಗಾಲದ ಬೆಳೆಗೆ 'ಖಟ್ಟಾ' (ಹುಳಿ), ಬೇಸಿಗೆಯದಕ್ಕೆ 'ಮೀಠಾ' (ಸಿಹಿ) ಎನ್ನುತ್ತಾರೆ. ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಸವರಿದರೆ ಹೊಸ ರೆಂಬೆಯ ಎಲೆ ಬುಡದಲ್ಲಿ ಕಾಯಿ ಕಟ್ಟಿ, ಸುಮಾರು ನಾಲ್ಕೈದು ತಿಂಗಳಲ್ಲಿ ಹಣ್ಣಾಗುತ್ತದೆ. ಮೊದಲ ವರ್ಷದ ಒಂದೆರಡು ಹಣ್ಣಿನಿಂದ ನಿರ್ಧರಿಸಬೇಡಿ. ಎರಡನೆಯ ವರ್ಷ ಕನಿಷ್ಠ ಹತ್ತು ಹಣ್ಣು ನೋಡಿ.

ಹಣ್ಣು ಮೆತ್ತಗಾಗಿ ಕುತ್ತಿಗೆ ಬಾಗಿ ಜೋತುಬಿದ್ದಾಗಲೇ ಕೀಳಬೇಕು. ಅಂಜೂರದ ಕಾಯಿ ಕಿತ್ತ ಮೇಲೆ ಸರಿಯಾಗಿ ಮಾಗುವುದಿಲ್ಲ, ಬಣ್ಣವೂ ಸುಳ್ಳು ಹೇಳುತ್ತದೆ. ತೂಕ ಮಾಡಿ, ತೊಟ್ಟಿನಿಂದ ಕಣ್ಣಿನವರೆಗೆ ಉದ್ದಕ್ಕೆ ಸೀಳಿ. ಸಿಪ್ಪೆಯ ಬಣ್ಣ, ತಿರುಳಿನ ಬಣ್ಣ, ಸಿಪ್ಪೆಯೊಳಗಿನ ಬಿಳಿ ಪದರದ ದಪ್ಪ, ಕುತ್ತಿಗೆ ಇದೆಯೇ, ಕಣ್ಣು ಮುಚ್ಚಿದೆಯೇ ತೆರೆದಿದೆಯೇ ಎಲ್ಲ ಬರೆಯಿರಿ. ಡಯಾನಾ ಎಂದು ಕೊಂಡದ್ದು ಹಸಿರು ಹಳದಿ ಸಿಪ್ಪೆಯ, ಜೇನು ಬಣ್ಣದ ತಿರುಳಿನ ದೊಡ್ಡ ಹಣ್ಣು ಕೊಡಬೇಕು. ಕೊನಾಡ್ರಿಯಾದ ಸಿಪ್ಪೆಯೂ ಹಸಿರೇ, ಆದರೆ ತಿರುಳು ಕೆಂಪು. ಈ ಎರಡನ್ನು ಸೀಳದೆ ಬೇರ್ಪಡಿಸುವುದು ಕಷ್ಟ. ಇವೆರಡರ ಚೀಟಿಯ ಗಿಡದಲ್ಲಿ ನೇರಳೆ ಹಣ್ಣು ಬಂದರೆ ಚೀಟಿ ತಪ್ಪು, ಚರ್ಚೆಯೇ ಬೇಡ. ಪೂನಾ ಮತ್ತು ದಿನಕರ್ ನಡುವೆ ಮಾತ್ರ ಬರೀ ಕಣ್ಣಂದಾಜು ಸಾಲದು.

ಕಾಯಿ ಪ್ರತಿ ಸಲ ಹೆಬ್ಬೆರಳು ಗಾತ್ರಕ್ಕೆ ಬಂದು ಸೊರಗಿ ಉದುರುತ್ತಿದ್ದರೆ ನೀರು, ಗೊಬ್ಬರದ ಜೊತೆ ತಳಿಯನ್ನೂ ಅನುಮಾನಿಸಿ. ಸ್ಮಿರ್ನಾ ಗುಂಪಿನ ಅಂಜೂರಕ್ಕೆ ಪರಾಗ ತರುವ ವಿಶೇಷ ಕಣಜ ಬೇಕು. ಅತ್ತಿಹಣ್ಣಿನೊಳಗೆ ಕಾಣುವ ನಮ್ಮ ಕಣಜ ಆ ಕೆಲಸ ಮಾಡುವುದಿಲ್ಲ. ಕಾಯಿ ಸೀಳಿದಾಗ ಕಣ್ಣಿನ ಒಳಬದಿಯಲ್ಲಿ ಪರಾಗದ ಗಂಡು ಹೂಗಳಿದ್ದು ಉಳಿದದ್ದು ಒಣ ಬೆಂಡಿನಂತಿದ್ದರೆ ಅದು ಕಾಡು ಗಂಡು ಅಂಜೂರ.

ನಂಬಿಕೆಯ ಆಧಾರ ಬೇಕೆಂದರೆ, ಹಣ್ಣು ನೋಡಿ ಖಚಿತಪಡಿಸಿದ ಮರದ ಕಡ್ಡಿಯೊಂದನ್ನು ತಂದು ಸಂಶಯದ ಗಿಡದ ಪಕ್ಕದಲ್ಲೇ, ಅದೇ ಮಣ್ಣು, ಅದೇ ಬಿಸಿಲಿನಲ್ಲಿ ಬೆಳೆಸಿ. ಡಿಎನ್ಎ ಪರೀಕ್ಷೆಗೂ ಹೋಲಿಸಲು ಇಂಥದೇ ಖಚಿತ ಮಾದರಿ ಬೇಕು, ಅದಿಲ್ಲದೆ ವರದಿಯಿಂದ ಹೆಸರು ಹುಟ್ಟುವುದಿಲ್ಲ.

ಮಾರ್ಕರಿನಲ್ಲಿ ಬರೆದ ಪ್ಲಾಸ್ಟಿಕ್ ಚೀಟಿ ಮಲೆನಾಡಿನ ಮಳೆ, ಬಿಸಿಲಿಗೆ ಬಾಳುವುದಿಲ್ಲ. ಅಲ್ಯುಮಿನಿಯಂ ತಗಡಿನ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಗೀರಿ ಬರೆಯಿರಿ, ತಂತಿಯನ್ನು ಸಡಿಲವಾಗಿ ಕಟ್ಟಿ. ಬಿಗಿದರೆ ರೆಂಬೆ ದಪ್ಪವಾದಂತೆ ತೊಗಟೆ ಕತ್ತರಿಸುತ್ತದೆ. ಪುಸ್ತಕದಲ್ಲಿ ಗಿಡಗಳ ನಕ್ಷೆಯನ್ನೂ ಬರೆದಿಡಿ. ಹಣ್ಣು ನೋಡುವವರೆಗೆ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಇರಲಿ, ಅಲ್ಲಿಯವರೆಗೆ ಆ ಗಿಡದ ಕಡ್ಡಿಯನ್ನು ಯಾರಿಗೂ ಹೆಸರು ಹೇಳಿ ಕೊಡಬೇಡಿ.